ಮೊದಲ ಪದ ಮಾತ್ರ

ನನ್ನ ಭಾವ ಜೀವನವಿಡೀ ಮಾಡಿದ ಕೆಲಸವೆಂದರೆ ಬೇರೆಯವರು ಮರೆತದ್ದನ್ನು ನೆನಪಿಸುವುದು. ಹಗಲು ನಾಟಕ ಮಂದಿರದ ಟಿಕೆಟ್ ಕಿಟಕಿಯಲ್ಲಿರುತ್ತಿದ್ದರು. ಸಂಜೆಯಾದರೆ ಅದೇ ಮಂದಿರದ ವೇದಿಕೆಯ ಪಕ್ಕ, ಪರದೆಯ ಮರೆಯಲ್ಲಿ, ಒಂದು ಮೋಟು ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ನಾಟಕದ ಪ್ರತಿ ಇಟ್ಟುಕೊಂಡು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುತ್ತಿದ್ದರು. ಹುದ್ದೆಯ ಹೆಸರು ಪ್ರಾಂಪ್ಟರ್. ನಟರೆಲ್ಲ ಕರೆಯುತ್ತಿದ್ದದ್ದು ಮಾತ್ರ ಪಿಸಪ್ಪ ಅಂತ. ಪಿಸುಗುಟ್ಟಿ ಪಿಸುಗುಟ್ಟಿ ಅವರ ಗಂಟಲು ಅದೇ ಶ್ರುತಿಗೆ ಕೂತುಬಿಟ್ಟಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಏನೋ ಗುಟ್ಟು ಹೇಳಿದ ಹಾಗಿರುತ್ತಿತ್ತು.

"ಇವರ ಜೊತೆ ಜಗಳ ಆಡೋಕೂ ಮಜಾ ಇಲ್ಲ ಕಣೆ. ನೋಡಿದವರಿಗೆ ನಾನೊಬ್ಬಳೇ ಕಿರುಚಿಕೊಳ್ಳೋ ಹಾಗೆ ಕಾಣುತ್ತೆ" ಅಂತ ಅಕ್ಕ ದೂರುತ್ತಿದ್ದಳು.

ಅಕ್ಕ ಅದೇ ಮಂದಿರದಲ್ಲಿ ವೇಷಭೂಷಣ ಹೊಲಿಯುವವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನಾನು ಅಕ್ಕನ ಬೆನ್ನು ಬಿಡದೆ ಬೆಳೆದವಳು. ಅವಳು ಕೆಲಸಕ್ಕೆ ಹೋದರೆ ನಾನೂ ಹೋಗಬೇಕು. ಪಿಸಪ್ಪ ನಮ್ಮ ಮನೆಯವರಾಗುವ ಮೊದಲೇ ನನಗೊಂದು ಹೆಸರಿಟ್ಟಿದ್ದರು, ಬಾಲಂಗೋಚಿ. ನಾನು ಓದಿ, ಕೆಲಸ ಹಿಡಿದು, ತಲೆ ನರೆತ ಮೇಲೂ ಅದು ಹೋಗಲಿಲ್ಲ.

ವೇದಿಕೆಯ ಆ ಪಕ್ಕದ ಜಾಗ ನೆನೆದರೆ ಈಗಲೂ ನನಗೆ ಮೊದಲು ಬರುವುದು ವಾಸನೆ. ಮುಖದ ಪೌಡರು, ಬಿಸಿ ಬಲ್ಬಿನ ಮೇಲೆ ಸುಡುವ ಧೂಳು, ಗಡ್ಡ ಮೀಸೆ ಅಂಟಿಸುವ ಗೋಂದು. ಪರದೆ ಏಳುವ ಮೊದಲು ಅಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡು ರಾಜನ ಬೆನ್ನ ಹಿಂದೆ ನಿಂತು, ಅವನ ಹೊಟ್ಟೆಗೆ ಸಾಲದ ನಿಲುವಂಗಿಯನ್ನು ಹೇಗೋ ಕೂಡಿಸುತ್ತಿದ್ದಳು. ನಾನು ಪಿಸಪ್ಪನ ಸ್ಟೂಲಿಗೆ ಒರಗಿ ನೆಲದ ಮೇಲೆ. ಎದುರಿಗೆ ಕೂತ ಜನರಿಗೆ ರಾಜನ ಎದೆ ಕಾಣುತ್ತಿತ್ತು, ನಮಗೆ ಬೆನ್ನಿನ ಪಿನ್ನುಗಳು. ಆ ಸುಖ ಆಮೇಲೆ ನನಗೆ ಎಷ್ಟು ದುಡ್ಡಿನ ಟಿಕೆಟ್ಟಿಗೂ ಸಿಕ್ಕಿಲ್ಲ.

ಒಂದು ಸಂಜೆ ರಾಜ ಮಾತಿನ ಮಧ್ಯೆ ಸುಮ್ಮನಾಗಿಬಿಟ್ಟ. ನನಗೆ ಗಾಬರಿ. ಪಿಸಪ್ಪನ ಮೊಣಕಾಲು ತಿವಿದೆ. ಅವರು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ರಾಜ ತಾನೇ ಮುಂದುವರಿಸಿದ, ಜನ ನಿಟ್ಟುಸಿರುಬಿಟ್ಟರು.

ಆಟ ಮುಗಿದ ಮೇಲೆ ಅವರು ಹೇಳಿದರು: "ಅದು ಮರೆತದ್ದಲ್ಲ ಬಾಲಂಗೋಚಿ, ನಿಲ್ಲಿಸಿದ್ದು. ಬಾಯಿ ನೋಡಬೇಡ, ಕಣ್ಣು ನೋಡು. ಕಣ್ಣು ಅತ್ತ ಕಡೆ ಇದ್ರೆ ಮಾತು ಇನ್ನೂ ಅವನ ಹತ್ರಾನೇ ಇದೆ ಅಂತ. ನಮ್ಮ ಕಡೆ ತಿರುಗಿದ್ರೆ ಮಾತ್ರ ನಾವು ಕೊಡಬೇಕು. ಅದೂ ಮೊದಲ ಪದ ಮಾತ್ರ. ಪೂರ್ತಿ ಕೊಟ್ಟುಬಿಟ್ರೆ ಅದು ನನ್ನ ಮಾತಾಗುತ್ತೆ, ಅವನದ್ದಾಗಲ್ಲ."

ಈ ನಿಯಮವನ್ನು ಅವರೇ ಒಮ್ಮೆ ಮುರಿದರು. ಅದರಿಂದಲೇ ಅವರು ನನಗೆ ಭಾವ ಆದದ್ದು.

ಅದೊಂದು ಪ್ರೇಮದ ನಾಟಕ. ನಾಯಕನ ಪಾರ್ಟು ಹೊಸ ನಟನದು. ನಾಯಕಿಯ ಮುಂದೆ ಮಂಡಿಯೂರಿ ಕೂತ, ಅಷ್ಟೇ, ಮುಂದಕ್ಕೆ ಏನೂ ಇಲ್ಲ. ಕಣ್ಣು ನಮ್ಮ ಕಡೆ ತಿರುಗಿತು. "ನನ್ನ" ಅಂತ ಪಿಸಪ್ಪ ಮೊದಲ ಪದ ಎತ್ತಿಕೊಟ್ಟರು. ಅವನು ಮಿಕಿಮಿಕಿ ನೋಡಿದ. "ನನ್ನ ಕೈ" ಅಂದರು. ಊಹೂಂ. ಸಭೆಯಲ್ಲಿ ಕೆಮ್ಮು ಶುರುವಾಯಿತು. ಪಿಸಪ್ಪನಿಗೆ ಸಹನೆ ತಪ್ಪಿ, "ನನ್ನ ಕೈ ಹಿಡಿಯುತ್ತೀಯಾ?" ಅಂತ ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ ಹೇಳಿಯೇಬಿಟ್ಟರು. ಅವರ ಬೆನ್ನ ಹಿಂದೆ ಕೂತು ಯಾವುದೋ ತೋಳಿಗೆ ಗುಂಡಿ ಹಚ್ಚುತ್ತಿದ್ದ ಅಕ್ಕ, ತಲೆ ಕೂಡ ಎತ್ತದೆ, "ಹೂಂ" ಅಂದಳು. ನಾಯಕಿ ಇನ್ನೂ ಬಾಯಿ ತೆರೆದಿರಲಿಲ್ಲ. ಮುಂದಿನ ಸಾಲುಗಳಿಗೆ ಪ್ರಶ್ನೆಯೂ ಕೇಳಿಸಿತ್ತು, ಉತ್ತರವೂ ಕೇಳಿಸಿತ್ತು. ಆವತ್ತು ಬಿದ್ದ ಚಪ್ಪಾಳೆ ಆ ನಾಟಕಕ್ಕೆ ಮತ್ತೆ ಬೀಳಲಿಲ್ಲ.

"ಯಾರೋ ದಾರ ಇದೆಯಾ ಅಂತ ಕೇಳಿದ್ರು ಅಂದ್ಕೊಂಡೆ. ಅದಕ್ಕೆ ಹೂಂ ಅಂದದ್ದು" ಎನ್ನುವುದು ಅಕ್ಕನ ವಾದ. ಮದುವೆಯ ದಿನವೂ ಅದನ್ನೇ ಹೇಳಿದಳು, ಮೊಮ್ಮಗು ಹುಟ್ಟಿದ ಮೇಲೂ ಅದನ್ನೇ ಹೇಳಿದಳು. ಮನೆಗೆ ಯಾರೇ ಬರಲಿ, ಭಾವ ಮೆಲ್ಲಗೆ ಈ ಕಥೆ ಶುರುಮಾಡುವರು. ಮಂಡಿಯೂರಿದ ನಟನವರೆಗೆ ಬರುವಷ್ಟರಲ್ಲಿ ಅಕ್ಕ ಅಡುಗೆಮನೆಯಿಂದಲೇ ಕಥೆ ಕಸಿದುಕೊಂಡು, ದಾರದ ಸಮೇತ ಮುಗಿಸಿಬಿಡುವಳು. ಭಾವ ನಗುತ್ತಾ ಸುಮ್ಮನಾಗುವರು. ಆ ಕಥೆಯ ಕೊನೆಯನ್ನು ಅವರ ಬಾಯಿಂದಲೇ ಕೇಳಿದ ಅತಿಥಿ ಯಾರೂ ಇರಲಿಕ್ಕಿಲ್ಲ.

ಮಂದಿರ ಮುಚ್ಚಿತು. ಈಗ ಅಲ್ಲಿ ಸೋಫಾ ಮಾರುತ್ತಾರೆ. ನಾನು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದೆ. ನರ್ಸ್ ಆಗುವವರು, ಸಮಾಜಕಾರ್ಯ ಓದುವವರು, ಹೀಗೆ ನಾಳೆ ಕಾಯಿಲೆಯವರ ಮನೆ ಬಾಗಿಲು ತಟ್ಟಬೇಕಾದ ಮಕ್ಕಳಿಗೆ ಪಾಠ ಹೇಳುವುದು ನನ್ನ ಕೆಲಸ. ಅಷ್ಟೂ ವರ್ಷಗಳ ಆ ಓದಿನಲ್ಲಿ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ಸಿಗುತ್ತಿದ್ದದ್ದು ಒಂದೇ ತರಗತಿ. ಕುಗ್ಗಿದ ಮಿದುಳಿನ ಒಂದು ಚಿತ್ರ, ಕಾಯಿಲೆಯ ಹಂತಗಳು, ಔಷಧಿಯ ಹೆಸರುಗಳು, ಗಂಟೆ ಹೊಡೆಯಿತು, ಆಯಿತು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೂ ತೆಗೆಯುತ್ತಿದ್ದರು. ಆಮೇಲೆ ತರಬೇತಿಗೆ ಹೋದ ವಾರ್ಡಿನಲ್ಲಿ ಅಂಥ ಅಜ್ಜಿಯೊಬ್ಬಳು ಕೈ ಹಿಡಿದುಕೊಂಡರೆ, ಬಿಡಿಸಿಕೊಳ್ಳುವುದು ಹೇಗೆಂದು ನಮ್ಮ ಮುಖ ನೋಡುತ್ತಿದ್ದರು.

ಆ ಹಂತಗಳು ನಮ್ಮ ಮನೆಗೇ ಬಂದವು. ಭಾವ ಮೊದಲು ಬೀದಿಗಳನ್ನು ಮರೆತರು, ಆಮೇಲೆ ವಸ್ತುಗಳ ಹೆಸರು. ಮಾತಿನ ನಡುವೆ ನಿಂತು ಹುಡುಕುವುದು ಹೆಚ್ಚಾಯಿತು. ಅಕ್ಕನಿಗೆ ಆ ನಿಲುಗಡೆ ತಡೆಯಲು ಆಗುತ್ತಿರಲಿಲ್ಲ. ಅವಳ ಪ್ರೀತಿಗೆ ಯಾವಾಗಲೂ ಕೈ ಮುಂದು, ಬಾಯಿ ಇನ್ನೂ ಮುಂದು. ಭಾವ "ನನಗೆ ಆ..." ಅನ್ನುವಷ್ಟರಲ್ಲಿ "ಕನ್ನಡಕವಾ? ನೀರಾ? ಟವಲ್ಲಾ?" ಅಂತ ಸಾಲಾಗಿ ತಂದಿಡುವಳು. ಅವರು ಕೇಳಲು ಹೊರಟದ್ದು ಬೇರೇನೋ ಇದ್ದಿರಬಹುದು. ಟವಲ್ ಹಿಡಿದುಕೊಂಡು ಸುಮ್ಮನೆ ಕೂರುವರು. ಬರಬರುತ್ತಾ ಶುರುಮಾಡುವುದನ್ನೇ ಬಿಟ್ಟರು.

ವೈದ್ಯರ ಬಳಿ ಕರೆದುಕೊಂಡು ಹೋದ ದಿನ ನನಗೆ ರೇಗಿಹೋಯಿತು. ಆ ವೈದ್ಯರು ಒಳ್ಳೆಯವರೇ. ಆದರೆ "ನಿದ್ದೆ ಹೇಗಿದೆ? ಊಟ ಸೇರುತ್ತಾ?" ಅಂತ ಕೇಳಿದ್ದೆಲ್ಲ ಅಕ್ಕನ ಮುಖ ನೋಡಿ. ಅಕ್ಕ ಪಟಪಟನೆ ಉತ್ತರ ಕೊಟ್ಟಳು. ನರ್ಸ್ ಬಂದವಳು "ತಾತಾ, ಜಾಣ ತಾತ ಅಲ್ವಾ?" ಅಂತ ಕೆಪ್ಪರಿಗೆ ಹೇಳುವ ಹಾಗೆ ಕೂಗಿ ರಕ್ತದ ಒತ್ತಡ ನೋಡಿದಳು. ಆ ನರ್ಸ್ ನಮ್ಮ ವಿಭಾಗದಲ್ಲೇ ಓದಿದವಳು, ಆ ಒಂದು ತರಗತಿಯಲ್ಲೇ ಕೂತಿದ್ದವಳು. ಭಾವ ಅಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು. ನೇರವಾಗಿ ಹೇಳುತ್ತೇನೆ, ನನಗೆ ಅಳು ಬಂದಿತ್ತು. ಕಾಯಿಲೆ ಅವರ ಮಾತನ್ನು ಇನ್ನೂ ಪೂರ್ತಿ ತೆಗೆದುಕೊಂಡಿರಲಿಲ್ಲ. ಉಳಿದದ್ದನ್ನು ನಾವೆಲ್ಲ ಸೇರಿ ತೆಗೆದುಕೊಳ್ಳುತ್ತಿದ್ದೆವು.

ಮರುದಿನವೇ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಕೂತೆ. ಈ ಪಾಠವನ್ನು ಕಾಯಿಲೆ ಇರುವವರೇ ಹೇಳಲಿ, ಪ್ರತಿ ವಿದ್ಯಾರ್ಥಿಯೂ ವರ್ಷವಿಡೀ ಅಂಥವರ ಒಂದು ಮನೆಗೆ ಹೋಗಿ ಬರಲಿ ಅಂದೆ. ಅವರು ಬಿಸಿ ಹಾಲಿಗೂ ಊದಿ, ತಣ್ಣೀರಿಗೂ ಊದಿ ಕುಡಿಯುವ ಮನುಷ್ಯ. "ಒಂದು ತರಗತಿ ಮಾಡಿ ತೋರಿಸಿ, ಆಮೇಲೆ ನೋಡೋಣ" ಅಂದರು. ಅವರು ಆಮೇಲೆ ನೋಡಿದರು, ಒಪ್ಪಿದರು, ಇವತ್ತು ನಮ್ಮ ಮಕ್ಕಳು ಹಾಗೆ ಮನೆಗಳಿಗೆ ಹೋಗುತ್ತಿದ್ದಾರೆ. ಆದರೆ ಆವತ್ತು ನನ್ನ ತಲೆಯಲ್ಲಿದ್ದದ್ದು ಪಠ್ಯಕ್ರಮವಲ್ಲ. ಭಾವ ಒಂದು ಸಲ, ಯಾರೂ ಕಸಿದುಕೊಳ್ಳದೆ, ತಮ್ಮ ಮಾತನ್ನು ತಾವೇ ಆಡಿ ಮುಗಿಸಬೇಕು. ಅಷ್ಟೇ ನನಗೆ ಬೇಕಿತ್ತು.

ಆ ತರಗತಿಗೆ ಭಾವನೇ ಬರಲಿ ಅಂದದ್ದನ್ನು ಅಕ್ಕ ಕೇಳಿದ್ದೇ ತಡ, ಹರಿಹಾಯ್ದಳು. "ಅವರನ್ನ ಪ್ರದರ್ಶನಕ್ಕೆ ಇಡ್ತೀಯಾ? ಅಷ್ಟು ಮಕ್ಕಳ ಮುಂದೆ ಒಂದು ಮಾತು ತಪ್ಪಿದ್ರೆ? ಯಾರಾದ್ರೂ ನಕ್ಕುಬಿಟ್ರೆ? ಬೇಕಾದ್ರೆ ನಾನು ಬಂದು ಹೇಳ್ತೀನಿ."

"ನಾನು" ಅಂದರು ಭಾವ.

ನಾವಿಬ್ಬರೂ ತಿರುಗಿದೆವು. ಅಕ್ಕನ ಬಾಯಿ ಆಗಲೇ ತೆರೆದಿತ್ತು. ನಾನು ಅವಳ ಮೊಣಕೈ ಹಿಡಿದೆ.

"ನಾನು ಹೋಗ್ತೀನಿ" ಅಂದರು. ಎಷ್ಟೋ ದಿನಗಳ ಮೇಲೆ ಅವರು ಮುಗಿಸಿದ ಮಾತು ಅದು.

ಅಕ್ಕ ಒಪ್ಪಿದಳು, ಮುಂದಿನ ಸಾಲಿನಲ್ಲಿ ತಾನು ಕೂರಬೇಕು ಎನ್ನುವ ಷರತ್ತಿನ ಮೇಲೆ. ನನ್ನದೂ ಒಂದು ಷರತ್ತು ಹಾಕಿದೆ. "ಅವರ ಕಣ್ಣು ನಿನ್ನ ಕಡೆ ತಿರುಗೋವರೆಗೂ ನೀನು ಬಾಯಿ ಬಿಡೋ ಹಾಗಿಲ್ಲ. ತಿರುಗಿದ್ರೂ ಒಂದೇ ಪದ."

"ಬಾಯಿ ಬಿಟ್ಟೇ ಇಷ್ಟು ವರ್ಷ ಸಂಸಾರ ಮಾಡಿದೀನಿ ಕಣೆ. ಈಗ ಹೊಲಿಗೆ ಹಾಕ್ಕೋ ಅಂತೀಯಾ?"

"ಹೊಲಿಯೋದು ನಿನಗೆ ಗೊತ್ತಿರೋ ಕೆಲಸಾನೇ ಅಲ್ವಾ" ಅಂದೆ. ಅಕ್ಕ ನನ್ನ ಬೆನ್ನಿಗೊಂದು ಕೊಟ್ಟಳು.

ತರಗತಿಯ ದಿನ ಅಕ್ಕ ಭಾವನಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಸಿ, ಗುಂಡಿಗಳನ್ನು ಎಳೆದೆಳೆದು ನೋಡಿ ಕರೆತಂದಳು. ನಾನು ವೇದಿಕೆಯ ನಡುವೆ ಕುರ್ಚಿ ಹಾಕಿಸಿದ್ದೆ. ಭಾವ ಅದನ್ನು ನೋಡಿದರು, ಮಕ್ಕಳನ್ನು ನೋಡಿದರು, ನೆಟ್ಟಗೆ ನಡೆದು ವೇದಿಕೆಯ ಮೂಲೆಗೆ ಹೋಗಿ ಕಿಟಕಿಯ ಪರದೆಯ ಪಕ್ಕ ನಿಂತುಕೊಂಡರು. ಅಷ್ಟು ವರ್ಷ ನಾಟಕದಲ್ಲಿದ್ದೂ ಒಂದು ದಿನವೂ ವೇದಿಕೆಯ ನಡುವೆ ನಿಂತವರಲ್ಲ. ಪ್ರಯೋಗಾಲಯದಿಂದ ಒಂದು ಸ್ಟೂಲು ತರಿಸಿದೆ. ಅದರ ಮೇಲೆ ಕೂತ ಮೇಲೆ ಅವರ ಭುಜ ಸಡಿಲವಾಯಿತು. ಮಕ್ಕಳೆಲ್ಲ ಬೆಂಚಿನ ಮೇಲೆ ಅತ್ತ ತಿರುಗಿ ಕೂತರು.

ಶುರುಮಾಡಿದರು, ಅದೇ ಪಿಸುದನಿಯಲ್ಲಿ. ನಾಟಕ ಮಂದಿರ, ಬಲ್ಬು, ಹೊಸ ನಟ. ಮಕ್ಕಳು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದ್ದರು. ನನ್ನ ಪಾಠಕ್ಕೆ ಅವರು ಯಾವತ್ತೂ ಹಾಗೆ ಬಾಗಿದ್ದಿಲ್ಲ.

"ಅವನು ಮಂಡಿ ಊರಿ ಕೂತ. ಕೂತು..." ಭಾವನ ಮಾತು ನಿಂತಿತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳಿಗೆ ತಡೆಯಲಾಗಲಿಲ್ಲ. ಒಳ್ಳೆಯ ಮನಸ್ಸಿನ ಹುಡುಗಿ. "ಅತ್ತುಬಿಟ್ರಾ ಸರ್?" ಅಂದಳು. "ಹಾಡು ಹೇಳಿದ್ರಾ?" ಅಂತ ಹಿಂದಿನಿಂದ ಇನ್ನೊಬ್ಬ. "ಮಾತು ಮರೆತುಹೋಯ್ತಾ ಸರ್?" ಅಂತ ಮತ್ತೊಬ್ಬ. ಎಲ್ಲರೂ ಸಹಾಯ ಮಾಡಲು ಮುಂದಾದರು. ಭಾವ ಒಂದೊಂದು ದನಿ ಬಂದ ಕಡೆಗೂ ತಿರುಗಿ ತಿರುಗಿ ನೋಡಿದರು. ಆ ಮುಖ ನನಗೆ ಗೊತ್ತಿತ್ತು. ಟವಲ್ ಹಿಡಿದು ಕೂತಾಗಿನ ಮುಖ.

ನಾನು ಕೈ ಎತ್ತಿದೆ. ತರಗತಿ ಸುಮ್ಮನಾಯಿತು.

ಒಬ್ಬ ಹುಡುಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. ಬಾಗಿಲ ಬಳಿ ನಿಂತಿದ್ದ ಮುಖ್ಯಸ್ಥರು ಗಡಿಯಾರ ನೋಡಿದರು. ಅಕ್ಕ ಎರಡೂ ಕೈಯಿಂದ ತನ್ನ ಚೀಲವನ್ನು ಹಿಂಡುತ್ತಿದ್ದಳು, ತುಟಿ ಬಿಗಿದಿದ್ದಳು. ಭಾವನ ಕಣ್ಣು ಇನ್ನೂ ಮಕ್ಕಳ ತಲೆಯ ಮೇಲೆ ಎಲ್ಲೋ ಇತ್ತು. ನಾನು ಕಾದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಾನು ಸುಮ್ಮನಿದ್ದದ್ದಿಲ್ಲ.

ಆಮೇಲೆ ಅವರ ಕಣ್ಣು ತಿರುಗಿತು. ನನ್ನ ಕಡೆ ಅಲ್ಲ, ಅಕ್ಕನ ಕಡೆ.

ಅಕ್ಕ ಒಮ್ಮೆ ಉಸಿರೆಳೆದುಕೊಂಡಳು. ಪೂರ್ತಿ ಕಥೆ ಅವಳ ಗಂಟಲಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು. ಮುಂದಕ್ಕೆ ಬಾಗಿ, ಯಾವತ್ತೂ ಯಾರೂ ಕೇಳಿರದ ಸಣ್ಣ ದನಿಯಲ್ಲಿ, ಒಂದೇ ಒಂದು ಪದ ಹೇಳಿದಳು.

"ನನ್ನ."

ಭಾವನ ಮುಖ ಅರಳಿತು. "ನನ್ನ ಕೈ ಹಿಡಿಯುತ್ತೀಯಾ?" ಅಂದರು.

ಕಥೆ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಅವರು ಮಕ್ಕಳ ಕಡೆ ಮತ್ತೆ ತಿರುಗಲೇ ಇಲ್ಲ. ನಟನೂ ನಾಟಕವೂ ಎಲ್ಲೋ ಕಳೆದುಹೋಗಿ, ಕೇಳಿದ್ದು ಮಾತ್ರ ಉಳಿದಿತ್ತು. ಸ್ಟೂಲಿನ ಮೇಲೆ ಕೂತು, ಅಕ್ಕನನ್ನೇ ನೋಡುತ್ತಾ, ಉತ್ತರಕ್ಕೆ ಕಾಯುತ್ತಿದ್ದರು.

ಅಕ್ಕ ಎದ್ದು ಹೋಗಿ ಅವರ ಕೈ ಹಿಡಿದುಕೊಂಡಳು. "ಹೂಂ" ಅಂದಳು.

ಅದಾದ ಮೇಲೂ ಭಾವ ಕೆಲವು ವರ್ಷ ಇದ್ದರು, ಕೊನೆಕೊನೆಗೆ ನನ್ನನ್ನು ಬಾಲಂಗೋಚಿ ಅನ್ನುವುದನ್ನೂ ಮರೆತರು. ಅಕ್ಕ ಈಗಲೂ ಬಂದವರಿಗೆಲ್ಲ ಆ ನಾಟಕದ ಕಥೆ ಹೇಳುತ್ತಾಳೆ. ದಾರದ ಮಾತು ಮಾತ್ರ ಆವತ್ತಿನಿಂದ ಎತ್ತಿಲ್ಲ.