ಸದ್ದು ಮಾಡದ ಸಂಗೀತಗಾರ

ಊಟಕ್ಕೆ ಕೂತಾಗಲೂ ಮಾವನ ಎಡಗೈ ಸುಮ್ಮನಿರುತ್ತಿರಲಿಲ್ಲ. ಬಲಗೈ ಮುದ್ದೆ ಮುರಿಯುತ್ತಿದ್ದರೆ, ಎಡಗೈ ಮೊಣಕಾಲಿನ ಮೇಲೆ ಅಂಗೈ ಕೆಳಗೆ ಮಾಡಿಕೊಂಡು, ಏರುತ್ತ ಇಳಿಯುತ್ತ, ಕಾಣದ ಯಾರನ್ನೋ ಮೆಲ್ಲಗೆ, ಮೆಲ್ಲಗೆ ಎಂದು ತಡೆಯುತ್ತಿತ್ತು. ಒಂದು ಕಿರುಬೆರಳು ಸೊಟ್ಟಗಿತ್ತು. ಅದು ಎಡಗೈಯದೋ ಬಲಗೈಯದೋ, ಈಗ ಖಾತ್ರಿಯಿಲ್ಲ.

ಬೆಟ್ಟದಪುರದಲ್ಲಿ ನಮ್ಮ ಪಕ್ಕದ ಮನೆಯವರು. ನೆಂಟರಲ್ಲ, ರೂಢಿಯಿಂದ ಮಾವ. ಮೈಸೂರಿನಲ್ಲಿ ಓದುವಾಗ ಪಿಯಾನೊ ಕಲಿತರು. ಜರ್ಮನಿಗೆ ಹೋಗಿ, ಒಂದು ಒಪೆರಾ ರಂಗಮಂದಿರದಲ್ಲಿ ಗಾಯಕರ ತಾಲೀಮಿಗೆ ಪಿಯಾನೊ ನುಡಿಸುವ ಕೆಲಸಕ್ಕೆ ಸೇರಿ, ಕೊನೆಗೆ ಎದುರು ನಿಂತು ಕೈಸನ್ನೆಯಲ್ಲೇ ಇಡೀ ವಾದ್ಯವೃಂದವನ್ನು ನಡೆಸುವ ನಿರ್ದೇಶಕರಾದರು. ಒಪೆರಾ ಎಂದರೆ ಮೊದಲಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲೂ ಅವರು ಹಿಡಿದದ್ದು ಈಗಿನವರು ಬರೆದ ಹೊಸ ಸಂಗೀತವನ್ನು. ಯಾಕೆಂದು ಕೇಳಿದ್ದೆ.

"ಸತ್ತೋರ ಸಂಗೀತಕ್ಕೆ ಬೇಕಾದಷ್ಟು ಜನ ಅವ್ರೆ. ಬದುಕಿರೋನು ಪಕ್ಕದಲ್ಲೇ ಕೂತು ತಪ್ಪು ಅಂತಾನೆ ನೋಡು, ಅದು ಮಜಾ ಕಣೋ" ಎಂದಿದ್ದರು. ಅಥವಾ ಅಂಥದ್ದೇ ಏನೋ.

ಊರಿಗೆ ಬಂದಾಗ ಜಗಲಿಯಲ್ಲಿ ಕೂತು, ದಿನಪತ್ರಿಕೆಯಷ್ಟು ಅಗಲದ ಸ್ವರಲಿಪಿಯ ಪುಸ್ತಕವನ್ನು ಕಾದಂಬರಿಯಂತೆ ಓದುತ್ತಿದ್ದರು. ನಡುವೆ ಒಬ್ಬರೇ ನಗುತ್ತಿದ್ದರು. ನಗುವಂಥದ್ದೇನಿದೆ ಎಂದು ಇಣುಕಿದರೆ ನನಗೆ ಕಂಡದ್ದು ಇರುವೆ ಸಾಲು.

ಕೊನೆಯ ಸಲ ಬಂದಾಗ ಅವರ ತಮ್ಮ ಟಿವಿಗೆ ಫೋನ್ ಜೋಡಿಸಿ, ಅಣ್ಣ ನಡೆಸಿದ ಒಪೆರಾದ ವಿಡಿಯೊ ಹಾಕಿದರು. ಹೊಗೆಸೊಪ್ಪಿನ ಕೆಲಸ ಮುಗಿಸಿದವರೆಲ್ಲ ಬಂದು ಕೂತರು. ಪಿಟೀಲುಗಳು ಕಿರುಗುಟ್ಟಿದವು.

"ಇದೇನ್ಲಾ, ಟ್ರ್ಯಾಕ್ಟ್ರು ಸ್ಟಾರ್ಟೇ ಆಯ್ತಿಲ್ವಲ್ಲ!" ಎಂದ ಒಬ್ಬ. ಎಲ್ಲರ ಜೊತೆ ಮಾವನೂ ನಕ್ಕರು. ಅವರ ತಾಯಿ, ನಮಗೆಲ್ಲ ಅಜ್ಜಿ, ಮಾತ್ರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು.

"ಎಲ್ರ ಕೈಲೂ ಏನಾರ ಒಂದು ಅದೆ. ನಿನ್ ಕೈಲಿ ಬರೀ ಕಡ್ಡಿ. ಸೊಳ್ಳೆ ಒಡೀತಿದ್ದೀಯಾ ಮಗ?"

"ಸದ್ದೆಲ್ಲ ಅವ್ರದು ಕಣವ್ವ. ನಾನು ಸದ್ದು ಮಾಡಾಕಿಲ್ಲ."

"ಅಂಗಾರೆ ನಿಂದೇನು ಕೆಲ್ಸ?"

ಮಾವ ನಗುತ್ತ ತಾಯಿಯನ್ನು ಪರದೆಯಿಂದ ಹಿಂದಕ್ಕೆ ಕರೆದು ಕೂರಿಸಿದರು. ಮರುದಿನ ವಿಮಾನಕ್ಕೆಂದು ನನ್ನ ಜೊತೆ ಕಾರಿನಲ್ಲಿ ಹೊರಟರು. ಹುಣಸೂರು ದಾಟಿದ ಮೇಲೆ, "ಪೇಪರ್‌ನೋರು ಏನ್ ಬರೆದ್ರೂ ನಾನು ತಲೆ ಕೆಡಿಸ್ಕೊಂಡೋನಲ್ಲ. ಅವ್ವಂಗೆ ಮಾತ್ರ ನನ್ ಕೆಲ್ಸ ಏನೂಂತ ಗೊತ್ತಾಗ್ಬೇಕಿತ್ತು ಕಣೋ. ಬುಡು" ಎಂದರು. ಬಿಟ್ಟವರ ದನಿಯಾಗಿರಲಿಲ್ಲ ಅದು.

ಮುಂದಿನ ವರ್ಷ ಜರ್ಮನಿಯಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದೂ ಅಲ್ಲೇ.

ಕೆಲವು ತಿಂಗಳಾದ ಮೇಲೆ ಅದೇ ಒಪೆರಾದ ಧ್ವನಿಮುದ್ರಣ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಏನನ್ನೂ ನುಡಿಸದ ಮನುಷ್ಯ ಅದರಲ್ಲಿ ಎಲ್ಲಿರಬಹುದು ಎಂಬ ಕುತೂಹಲ. ಮೊದಲ ಸ್ವರಕ್ಕಿಂತ ಮುಂಚೆ, ಮೂಗಿನಿಂದ ಒಂದು ಉಸಿರು ಚುರುಕಾಗಿ ಒಳಗೆ ಹೋಯಿತು. ಅದರ ಬೆನ್ನಿಗೇ ಅಷ್ಟೂ ವಾದ್ಯಗಳು ಒಟ್ಟಿಗೆ ಎದ್ದವು.

ಪಕ್ಕದ ಮನೆಗೆ ಹೋಗಿ ಅಜ್ಜಿಯ ತಲೆಯ ಮೇಲಿನ ಸೆರಗು ಸರಿಸಿ ಹೆಡ್‌ಫೋನ್ ಇಟ್ಟೆ. ಏನು ಕೇಳಿಸುತ್ತದೆಂದು ಮೊದಲೇ ಹೇಳಲಿಲ್ಲ. ಉಸಿರು ಬಂದ ಕೂಡಲೇ ನನ್ನ ಮಣಿಕಟ್ಟು ಹಿಡಿದುಕೊಂಡರು.

"ನನ್ ಮಗ ಕಣಪ್ಪ ಇದು. ಕೆರೆಗೆ ಧುಮುಕೋಕೆ ಮುಂಚೆ ಇಂಗೇ ಎಳ್ಕೊಳ್ಳೋನು." ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಂಗಾರೆ ಎಲ್ರಿಗಿಂತ ಮೊದ್ಲು ಸುರು ಮಾಡೋನು ಇವ್ನೇಯ" ಎಂದರು.

ಅದು ಮೈಕಿನ ಪಕ್ಕದಲ್ಲಿದ್ದ ಪಿಟೀಲಿನವನ ಉಸಿರೂ ಆಗಿರಬಹುದು. ಆ ಅನುಮಾನ ನನ್ನಲ್ಲಿ ಇನ್ನೂ ಇದೆ. ಅಜ್ಜಿಗೆ ಹೇಳಲಿಲ್ಲ.

"ಇನ್ನೊಂದ್ಸಲ ಆಕು" ಎಂದರು. ಹಾಕಿದೆ. ವಾದ್ಯಗಳು ಶುರುವಾಗುತ್ತಲೇ ಕೈ ಅಡ್ಡ ಮಾಡಿದರು.

"ಅವ್ರದು ಬ್ಯಾಡ ಮಗ. ಇವ್ನದು ಮಾತ್ರ ಆಕು."