ಮುಷ್ಕರ ಹೂಡಿದ ಬಲಗೈ

ಬಟ್ಟೆ ಕತ್ತರಿಸುವ ವಿಷಯದಲ್ಲಿ ಮಾಸ್ಟರು ದೇವರನ್ನೂ ಪೂರ್ತಿ ನಂಬುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಊರ ಮಂದಿಯ ಭುಜಗಳನ್ನು ಅಳೆದೂ ಅಳೆದೂ ಅವರು ಕಂಡುಕೊಂಡ ಸತ್ಯವೆಂದರೆ, ಎರಡೂ ಭುಜ ಸಮನಾಗಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಒಂದು ಯಾವಾಗಲೂ ಕಾಲು ಇಂಚಾದರೂ ಇಳಿದಿರುತ್ತದೆ. ಇದು ಮೇಲಿನವನ ಅವಸರದ ಕೆಲಸ ಎಂದು ಅವರ ತೀರ್ಮಾನ. ಕೋಟಿನ ಒಳಗೆ ಒಂದು ಚೂರು ಹತ್ತಿ ಇಟ್ಟು ಆ ತಪ್ಪನ್ನು ಗುಟ್ಟಾಗಿ ಸರಿಪಡಿಸುವ ಮಹತ್ಕಾರ್ಯವನ್ನು ಅವರು ಸ್ವಂತ ಇಚ್ಛೆಯಿಂದ ವಹಿಸಿಕೊಂಡಿದ್ದರು.

ಈ ಕಾರ್ಯ ನಡೆಯುತ್ತಿದ್ದ ರಣರಂಗ ಅಂಗಡಿಯ ಕತ್ತರಿಸುವ ಮೇಜು. ಎರಡು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ, ಒಂದು ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಮೂಲೆಗೊತ್ತರಿಸಿ, ಎಂಟು ಅಡಿ ಉದ್ದದ ಆ ಮೇಜು ಊಟವಾದ ದೊರೆಯಂತೆ ನಡುವೆ ಮಲಗಿತ್ತು. ಮಾಸ್ಟರು ನಿಲ್ಲುವ ಕಡೆ ಅವರ ಹೊಟ್ಟೆ ತಾಗಿ ತಾಗಿ ಮರದ ಅಂಚು ನುಣುಪಾಗಿತ್ತು. ಯಂತ್ರದ ಮುಂದೆ ಕೂರುತ್ತಿದ್ದವನು ಅವರ ಹೆಂಡತಿಯ ತಮ್ಮ. ಸಾಧು ಪ್ರಾಣಿ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು, ಹೇಳದಿದ್ದರೆ ಚಹಾ ಕುಡಿಯುವವನು.

ಒಂದು ಬೆಳಿಗ್ಗೆ ವಕೀಲರೊಬ್ಬರ ಕಪ್ಪು ಕೋಟಿನ ಬೆನ್ನು ಕತ್ತರಿಸುತ್ತಿದ್ದಾಗ ಮಾಸ್ಟರ ಕೈಯಿಂದ ಕತ್ತರಿ ಜಾರಿ ಬಿತ್ತು. ಕತ್ತರಿಯನ್ನು ಬೈಯಲು ಬಾಯಿ ತೆರೆದರು. ಬೈಗುಳ ಅರ್ಧಕ್ಕೇ ತೊದಲಿತು. ಮಾಸ್ಟರ ಬಾಯಲ್ಲಿ ಬೈಗುಳ ತೊದಲಿದ್ದನ್ನು ಹಿಂದೆಂದೂ ಕೇಳದ ಭಾಮೈದ, ಕೂಡಲೇ ಅವರನ್ನು ಆಟೋಕ್ಕೆ ಹಾಕಿ ಆಸ್ಪತ್ರೆಗೆ ಓಡಿಸಿದ. ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಹೊಗಳಿದ್ದನ್ನು ಅವನು ಇವತ್ತಿಗೂ ದಿನಕ್ಕೊಬ್ಬರಿಗಾದರೂ ಹೇಳುತ್ತಾನೆ.

ಮಾತು ವಾರದಲ್ಲಿ ಮರಳಿತು. ಅದೊಂದು ಇನ್ನೂ ಸ್ವಲ್ಪ ವಿಶ್ರಾಂತಿ ತಗೊಂಡಿದ್ದರೆ ಏನೂ ನಷ್ಟವಿರಲಿಲ್ಲ ಎಂದು ಹೆಂಡತಿ ನೆರೆಯವರ ಹತ್ತಿರ ಹೇಳಿಕೊಂಡರು. ಕಾಲು ಒಂದು ತಿಂಗಳಲ್ಲಿ ರಾಜಿಗೆ ಬಂತು. ಬಲಗೈ ಮಾತ್ರ ಮುಷ್ಕರ ಹೂಡಿ ಕೂತಿತು. ಭುಜದಿಂದ ಕೆಳಗೆ, ಇನ್ನೂ ಅಂಗಿಗೆ ಜೋಡಿಸದ ತೋಳಿನ ಹಾಗೆ ಸುಮ್ಮನೆ ನೇತಾಡುತ್ತಿತ್ತು. ಬೆರಳುಗಳು ಯಾರದೋ ಗುಟ್ಟು ಹಿಡಿದಿಟ್ಟುಕೊಂಡಂತೆ ಮಡಚಿಕೊಂಡಿದ್ದವು.

ವ್ಯಾಯಾಮ ಕಲಿಸಲು ವಾರಕ್ಕೆ ಮೂರು ದಿನ ಮನೆಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಕಡ್ಡಿಯಷ್ಟು ತೆಳ್ಳಗೆ, ದನಿ ಮಾತ್ರ ಶಾಲೆಯ ಗಂಟೆ. ಮಾಸ್ಟರು ಅವಳಿಗೆ ಹೆಡ್‌ಮಿಸ್ ಎಂದು ಹೆಸರಿಟ್ಟರು. ಮೇಜಿನ ಮೇಲೆ ಟವೆಲನ್ನು ಮುಂದೆ ಹಿಂದೆ ತಳ್ಳುವುದು, ಒಂದು ಬಟ್ಟಲಿನ ಬಟಾಣಿಯನ್ನು ಇನ್ನೊಂದಕ್ಕೆ ಹಾಕುವುದು, ಹೀಗೆ ಮನೆಪಾಠ. ಅವಳು ಹೋದ ಮೇಲೆ ಮಾಸ್ಟರು ಎಡಗೈಯಲ್ಲಿ ಎರಡೇ ನಿಮಿಷಕ್ಕೆ ಬಟಾಣಿಯನ್ನೆಲ್ಲ ಸಾಗಿಸಿ, ಮುಗೀತು ಎಂದು ಪೇಪರ್ ಓದುತ್ತಿದ್ದರು. ಎಡಗೈ ಅಷ್ಟರಲ್ಲಿ ಮನೆಯ ಹೀರೋ ಆಗಿತ್ತು. ಗುಂಡಿ ಹಾಕುವುದು ಅದೇ, ಫೋನು ಎತ್ತುವುದು ಅದೇ, ಬಲಗೈಯನ್ನು ಎತ್ತಿ ತೊಡೆಯ ಮೇಲೆ ಮಲಗಿಸುವುದೂ ಅದೇ.

ಹೀಗಿರುವಾಗ ಅಂಗಡಿಯಿಂದ ಸುದ್ದಿ ಬಂತು. ಕತ್ತರಿಸುವವರಿಲ್ಲದೆ ಗಿರಾಕಿಗಳು ಚದುರುತ್ತಿದ್ದಾರೆ. ಸಿದ್ಧ ಉಡುಪು ಇಡೋಣ. ಮುಂದಿನ ತಿಂಗಳು ಹತ್ತನೇ ತಾರೀಕು ರ‍್ಯಾಕಿನವನು ಅಳತೆಗೆ ಬರುತ್ತಾನೆ. ಜಾಗಕ್ಕೆ ಮೇಜನ್ನು ತೆಗೆಯಬೇಕಾಗುತ್ತದೆ. ಭಾಮೈದ ಇದನ್ನು ಅಕ್ಕನಿಗೆ ಗೋಡೆ ನೋಡುತ್ತ ಹೇಳಿದ. ಅಕ್ಕ ಗಂಡನಿಗೆ ನೆಲ ನೋಡುತ್ತ ಹೇಳಿದರು. ಮಾಸ್ಟರು ಏನೂ ಬೈಯಲಿಲ್ಲ. ಹೆಂಡತಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಮರುದಿನ ಅವರು ಹೆಡ್‌ಮಿಸ್ಸನ್ನು ಕೇಳಿದ್ದು ಒಂದೇ ಪ್ರಶ್ನೆ: ಹತ್ತನೇ ತಾರೀಕಿನೊಳಗೆ ಕತ್ತರಿ ಹಿಡಿಯಬಹುದೇ? ಅವಳು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಎಂದಳು. ಬಲಗೈಯ ಮಣಿಕಟ್ಟು ಒಂಚೂರು ಏಳುತ್ತದೆ, ಬೆರಳು ಒಂಚೂರು ಬಿಚ್ಚುತ್ತದೆ, ಅಷ್ಟು ಬಂಡವಾಳ ಇದೆ. ಆದರೆ ಎಲ್ಲ ಕೆಲಸವನ್ನೂ ಎಡಗೈಯೇ ಮಾಡಿದರೆ ಮೆದುಳು ಬಲಗೈಯ ವಿಳಾಸವನ್ನೇ ಮರೆತುಬಿಡುತ್ತದೆ. ಆದ್ದರಿಂದ ಎಡಗೈಗೊಂದು ಚೀಲ ತೊಡಿಸಿ, ಮೆಟ್ಟಿಲು ಮತ್ತು ಬಚ್ಚಲು ಬಿಟ್ಟು, ದಿನಕ್ಕೆ ಐದು ಗಂಟೆ ಅದನ್ನು ಸೆರೆಯಲ್ಲಿಡಬೇಕು.

ಚೀಲವನ್ನು ಕೊಂಡು ತಂದರೆ ದರ್ಜಿ ಮನೆತನಕ್ಕೆ ಕಳಂಕವಲ್ಲವೇ? ಭಾಮೈದ ಅಂಗಡಿಯಲ್ಲಿ ಉಳಿದಿದ್ದ ಪಟ್ಟೆ ಬಟ್ಟೆಯಲ್ಲಿ ಹೊಲಿದು ತಂದ. ಎಡಗೈ ಒಳಹೋಯಿತು, ಮಣಿಕಟ್ಟಿನಲ್ಲಿ ಬಾಯಿಯನ್ನು ದಾರದಿಂದ ಹೊಲಿದೂ ಆಯಿತು. ಮಾಸ್ಟರು ಅದನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿದರು. ಮುಖ ಕಪ್ಪಿಟ್ಟಿತು. ಈ ಕಡೆಯ ಪಟ್ಟೆ ಆ ಕಡೆಯ ಪಟ್ಟೆಗೆ ಕೂಡಿರಲಿಲ್ಲ. ಹೊಲಿಗೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ಸಡಿಲ. ಮೂವತ್ತನಾಲ್ಕು ವರ್ಷದ ಕೀರ್ತಿ ಹೊತ್ತ ಮನುಷ್ಯ ಈ ಅನಾಹುತವನ್ನು ತನ್ನ ಮೈಮೇಲೆಯೇ ದಿನಕ್ಕೆ ಐದು ಗಂಟೆ ನೋಡುತ್ತ ಕೂರಬೇಕು.

ಪಾರ್ಶ್ವವಾಯುವನ್ನು ಸಹಿಸಿಕೊಂಡಿದ್ದರು. ಇದನ್ನು ಸಹಿಸಲಾಗಲಿಲ್ಲ. ಸುಕ್ಕಿನ ಪಕ್ಕ ಒಂದು ದಾರದ ತುದಿ ನಿಗುರಿ ನಿಂತು ಅಣಕಿಸುತ್ತಿತ್ತು. ಅದನ್ನು ಎಳೆದು ಬಿಚ್ಚಿಹಾಕಲು ಇಡೀ ಲೋಕದಲ್ಲಿ ಅವರಿಗೆ ಉಳಿದಿದ್ದ ಆಯುಧ ಒಂದೇ, ಆ ಮುಷ್ಕರದ ಕೈ.

ಯುದ್ಧ ಶುರುವಾಯಿತು. ಮೊದಲ ದಿನ ಬಲಗೈ ದಾರದ ಹತ್ತಿರ ಹೋಗುವಷ್ಟರಲ್ಲಿ ಮೊಣಕೈ ಕಿವಿಯವರೆಗೆ ಎದ್ದಿತು, ನಾಲಿಗೆ ಹೊರಗೆ ಬಂತು, ಹುಬ್ಬು ಸಹಾಯಕ್ಕೆ ಧಾವಿಸಿತು. ಬೆರಳು ಮಾತ್ರ ಬರಲಿಲ್ಲ. ಎರಡನೆಯ ದಿನ ಹೆಬ್ಬೆರಳು ಬಂತು, ತೋರುಬೆರಳು ಗೈರು. ಮೂರನೆಯ ದಿನ ಇಬ್ಬರೂ ದಾರದ ಬಳಿ ಮುಖಾಮುಖಿಯಾಗಿ, ಜಗಳವಾಡಿದ ಓರಗಿತ್ತಿಯರಂತೆ ಒಬ್ಬರನ್ನೊಬ್ಬರು ಮುಟ್ಟದೆ ಹಿಂತಿರುಗಿದರು. ಮಾಸ್ಟರ ಅಂಗಿ ಬೆವರಿಗೆ ಒದ್ದೆಯಾಗುತ್ತಿತ್ತು. ಊಟಕ್ಕೆ ಕರೆದರೆ ಈಗ ಬಂದೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಏನೂ ಕಾಣದವರಂತೆ ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಹೆಂಡತಿ ಬಂದು ನೋಡಿದರೆ ಚೀಲ ಬಿಚ್ಚಿಹೋಗಿ ಎಡಗೈ ಹೊರಗೆ ಗಾಳಿ ಸೇವಿಸುತ್ತಿತ್ತು. ಮತ್ತೆ ಕಳ್ಳಾಟ ಶುರುವಾಯಿತೆಂದು ಬೈಯಲು ಸೊಂಟಕ್ಕೆ ಕೈಯಿಟ್ಟರು. ಮಾಸ್ಟರು ಬಲಗೈಯನ್ನು ಮುಂದೆ ಚಾಚಿದರು. ಹೆಬ್ಬೆರಳು ತೋರುಬೆರಳ ನಡುವೆ ಗೇಣುದ್ದದ ದಾರ.

"ಹಿಡ್ದಿದ್ದೇನೋ ಹಿಡ್ದೆ," ಎಂದರು. "ಬಿಡೋಕೆ ಬರ್ತಿಲ್ಲ. ಅರ್ಧ ಗಂಟೆಯಿಂದ ಹಿಂಗೇ ಕೂತಿದೀನಿ."

ಹೆಂಡತಿ ಪಕ್ಕದಲ್ಲಿ ಕೂತು ಆ ಎರಡು ಬೆರಳನ್ನು ಒಂದೊಂದಾಗಿ ಬಿಡಿಸಿದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ಎರಡನ್ನೂ ಅವರು ಸೆರಗಿನಲ್ಲೇ ಒರೆಸುತ್ತಿದ್ದರು.

ವಿಷಯ ತಿಳಿದ ಹೆಡ್‌ಮಿಸ್ ಬಟಾಣಿಯನ್ನು ಸಾರಿಗೆ ಹಾಕಿಬಿಡಿ ಎಂದಳು. ದಿನಕ್ಕೊಂದು ಇಷ್ಟೇ ಕೆಟ್ಟದಾಗಿ ಹೊಲಿದ ಚೀಲ ಬೇಕು ಎಂದು ಅಂಗಡಿಗೆ ಹೇಳಿಕಳಿಸಿದಳು. ಭಾಮೈದನಿಗೆ ಅವಮಾನವಾಯಿತು. ತಾನು ಕೆಟ್ಟದಾಗಿ ಹೊಲಿದಿರಲೇ ಇಲ್ಲ, ಅದು ತನ್ನ ಸಾಮಾನ್ಯ ಹೊಲಿಗೆ ಎಂದು ವಾದಿಸಿದ. ಹಟಕ್ಕೆ ಬಿದ್ದು ಪಟ್ಟೆ ಕೂಡಿಸತೊಡಗಿದ, ಹೊಲಿಗೆ ಬಿಗಿ ಮಾಡಿದ. ಅಲ್ಲಿ ಅವನ ಕೈ ಪಳಗುತ್ತ ಹೋದಂತೆ ಇಲ್ಲಿ ಬಿಚ್ಚುವ ಕೈಯೂ ಪಳಗಬೇಕಾಯಿತು. ಮಾಸ್ಟರು ದಿನವೂ ಬಿಚ್ಚಿದ ಚೀಲವನ್ನು ತಪ್ಪುಗಳ ಪಟ್ಟಿಯೊಂದಿಗೆ ವಾಪಸು ಕಳಿಸುತ್ತಿದ್ದರು.

ಹತ್ತನೇ ತಾರೀಕು ಬೆಳಿಗ್ಗೆ ಅವರು ಹೆಂಡತಿಯ ತೋಳು ಹಿಡಿದು ಅಂಗಡಿಗೆ ಬಂದರು. ಮೇಜು ಖಾಲಿಯಾಗಿತ್ತು, ಒರೆಸಿಯೂ ಆಗಿತ್ತು, ಒಯ್ಯುವ ಮುನ್ನ ಸ್ನಾನ ಮಾಡಿಸಿದಂತೆ. ಮಾಸ್ಟರು ತಮ್ಮ ಹೊಟ್ಟೆಯನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿ ಕತ್ತರಿ ಕೇಳಿದರು. ಗಿರಾಕಿಯ ಬಟ್ಟೆ ಬೇಡವೆಂದು ಭಾಮೈದ ತನ್ನದೇ ಒಂದು ಅಂಗಿಯ ಬಟ್ಟೆ ಹಾಸಿದ. ಹತ್ತು ಇಂಚಿನ ಕತ್ತರಿ ಬಲಗೈ ಸೇರಿತು, ಬಾಯಿ ಮುಚ್ಚಿತು, ಬಟ್ಟೆ ಕಚ್ಚಿತು. ಮತ್ತೆ ತೆರೆಯಲಿಲ್ಲ. ಬೆರಳು ಬಿಡಲೊಲ್ಲದು. ಮಾಸ್ಟರು ಎರಡನೆಯ ಸಲ ಯತ್ನಿಸಿದರು, ಮೂರನೆಯ ಸಲವೂ. ರ‍್ಯಾಕಿನವನು ಆಗಲೇ ಬಂದು, ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಮಾಸ್ಟರು ಎಡಗೈಯಿಂದ ಕತ್ತರಿ ಬಿಡಿಸಿ ಭಾಮೈದನ ಕಡೆ ತಳ್ಳಿದರು. ಬಲಗೈಗೆ ಸೀಮೆಸುಣ್ಣದ ಬಿಲ್ಲೆ ತೆಗೆದುಕೊಂಡರು. ಅದು ದಾರದ ಹಾಗೆಯೇ, ಹಿಡಿದರೆ ಸಾಕು, ಬಿಡಬೇಕಾಗಿಲ್ಲ. ಕಂಕುಳಿನಿಂದ ಸೊಂಟದವರೆಗೆ ಗೆರೆ ಎಳೆದರು. ಗೆರೆ ಚಳಿಗೆ ಸಿಕ್ಕಿದಂತೆ ನಡುಗುತ್ತ ಹೋಯಿತು. ಕಟ್ ಮಾಡು ಎಂದರು. ಭಾಮೈದ ಮಾಡಿದ. ಎತ್ತಿ ನೋಡಿದರೆ ಬಟ್ಟೆಯ ಅಂಚು ಕೆರೆಯ ಅಲೆಯಂತಿತ್ತು. ಒಂದು ನಡುಕವನ್ನೂ ಅವನು ಬಿಟ್ಟಿರಲಿಲ್ಲ.

"ಅಲ್ವೋ, ಗೆರೆ ನಡುಗಿದ್ರೆ ನಿನ್ ಬುದ್ಧಿಗೇನಾಗಿತ್ತು? ನೆಟ್ಟಗೆ ಕಟ್ ಮಾಡೋದಲ್ವಾ?"

"ಮೂವತ್ತು ವರ್ಷ ಭಾವ, ಗೆರೆ ಬಿಟ್ಟು ಒಂದು ನೂಲು ಆಚೆ ಹೋದ್ರೆ ಸ್ಕೇಲಲ್ಲಿ ಹೊಡೆದಿದೀರಿ. ನನ್ ಬುದ್ಧಿ ಅವತ್ತೇ ನಿಮ್ ಕೈಲಿ ಕೊಟ್ಟಿದೀನಿ. ಗೆರೆ ನಿಮ್ದು, ಕಟಿಂಗ್ ನಂದು. ನಡುಕ ಕಮ್ಮಿ ಮಾಡ್ಕೊಳಿ."

ಇಷ್ಟುದ್ದ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ಆಡಿ ತಾನೇ ಬೆಚ್ಚಿದ. ಮಾಸ್ಟರು ಅವನನ್ನೂ ಆ ಅಲೆಯನ್ನೂ ನೋಡಿದರು. ನಗುವಿಗೆ ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಮೇಜೂ. ಹೆಂಡತಿ ಕನ್ನಡಿಯ ಕಡೆ ತಿರುಗಿ ನಿಂತರು.

ಮೇಜಿನ ಜಾಗ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದು ರ‍್ಯಾಕಿನವನು ಕೇಳಿದ. ಭಾಮೈದ ಅವನತ್ತ ತಿರುಗದೆಯೇ, ಕೆಲಸ ನಡೀತಿದೆ ಕಾಣಲ್ವಾ ಎಂದು, ಉಳಿದ ಬಟ್ಟೆಯನ್ನು ಎಳೆದು ಹಾಸಿ, ಸುಕ್ಕು ತೀಡಿ, ಭಾವನ ಮುಂದಿಟ್ಟ.

ಎರಡನೆಯ ಗೆರೆ ಒಂದು ಕೂದಲಿನಷ್ಟು ಕಡಿಮೆ ನಡುಗಿತು. ಅದನ್ನೂ ಅವನು ಹಾಗೆಯೇ ಕತ್ತರಿಸಿದ.