ಅರ್ಧಕ್ಕೆ ನಿಂತ ಗವಂತಿ

ನಮ್ಮ ಅತ್ತೆಯ ಪಾದಗಳು ಬಸ್ಸಿನ ನೆಲ ಮುಟ್ಟುತ್ತಿರಲಿಲ್ಲ. ಗಿಡ್ಡ ಆಳು, ತುಂಬಿದ ಮೈ. ಸೀಟಿನ ಮೇಲೆ ಕುಳಿತರೆ ಕಾಲುಂಗುರದ ಆ ಪುಟ್ಟ ಪಾದಗಳು ಗಾಳಿಯಲ್ಲಿ ತೂಗುತ್ತ, ರಸ್ತೆಯ ಗುಂಡಿ ಬಂದಾಗಲೆಲ್ಲ ಒಂದಕ್ಕೊಂದು ತಾಗುತ್ತಿದ್ದವು. ಮೊಣಕಾಲು ಸೆಳೆಯುತ್ತವೆ ಎಂದು ಪಾದಗಳ ಕೆಳಗೆ ನನ್ನ ಕೈಚೀಲ ಇಡಿಸಿಕೊಳ್ಳುತ್ತಿದ್ದರು. ಆ ಚೀಲದ ತಳದಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ನನ್ನ ಕಸೂತಿ ಇರುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಕಸೂತಿ ಕಲಿಸಿದವಳು ನನ್ನ ತಾಯಿ. ಅವಳ ಕಣ್ಣಿನ ನರ ಸೊರಗುತ್ತಿವೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳಿಗೆ ಇನ್ನೂ ಕಾಣುತ್ತಿರುವಾಗಲೇ ರವಿಕೆ ಹೊಲಿಸುವ ಒಂದು ಕಪ್ಪು ಖಣದ ತುಂಬ ಅವಳು ಕಲಿಸಿದ ಗೋಪುರ, ನವಿಲು ಹಾಕಿ ಅವಳ ಕೈಗೆ ಕೊಡಬೇಕು. ನನಗಿದ್ದ ಆಸೆ ಅದೊಂದೇ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಬಿಟ್ಟ ಜಾಗವನ್ನು ಅದೇ ದಾರಿಯಲ್ಲಿ ಮರಳಿ ಬರುವಾಗ ತುಂಬಬೇಕು. ಬಟ್ಟೆಯ ಎಳೆ ಎಣಿಸಲು ಹಗಲಿನ ಬೆಳಕು ಬೇಕು, ಅಲುಗದ ಜಾಗ ಬೇಕು. ನನಗೆ ಸಿಗದಿದ್ದವು ಅವೇ.

ಅತ್ತೆಗೆ ತಿರುಗಾಟದ ಹುಚ್ಚು. ಶಿರಹಟ್ಟಿಯ ಮಠ, ಗದಗಿನ ತಂಗಿಯ ಮನೆ, ಮುಂಡರಗಿಯ ಬೀಗರು. ಮಾವನವರಿಗೆ ಪರವೂರ ನೀರು ಒಗ್ಗದು, ಅವರ ತಾಮ್ರದ ತಂಬಿಗೆ ಸದಾ ನನ್ನ ತೊಡೆಯ ಮೇಲೆ. ಅತ್ತೆಗೆ ಬೇರೆಯವರು ಬಡಿದ ರೊಟ್ಟಿ ದಪ್ಪ, ಹೋದಲ್ಲೆಲ್ಲ ಒಲೆಯ ಮುಂದೆ ನಾನೇ. ಮಧ್ಯಾಹ್ನ ಒಂದು ಕಿಟಕಿ ಹುಡುಕಿ ಕುಳಿತೆನೆಂದರೆ ಒಳಗಿನಿಂದ ಕರೆ ಬರುತ್ತಿತ್ತು.

"ಆ ಸೂಜಿ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ನನ್ನ ಮೊಣಕಾಲು ತಿಕ್ಕು ಬಾ."

ಸೂಜಿ ಓಡುತ್ತಿರಲಿಲ್ಲ, ತಾಯಿಯ ಕಣ್ಣು ಓಡುತ್ತಿತ್ತು. ಈಗ ಸೂಜಿಗೆ ದಾರ ಏರಿಸಲಾರಳಂತೆ, ಈಗ ಅಕ್ಕಿಯೊಳಗಿನ ಕಲ್ಲು ಕಾಣದಂತೆ ಎಂದು ಸುದ್ದಿ ಬರುತ್ತಿತ್ತು. ಗದಗಿನಲ್ಲಿ ಇಳಿದುಕೊಂಡಾಗ ಬೆಟಗೇರಿ ಕೂಗಳತೆಯಲ್ಲಿರುತ್ತಿತ್ತು. ನಾಳೆ ಹೋಗುವಿಯಂತೆ ಅನ್ನುತ್ತಿದ್ದರು ಅತ್ತೆ. ನಾಳೆ ಬೆಳಿಗ್ಗೆ ಮುಂಡರಗಿಯ ಬಸ್ಸು.

ಅವರನ್ನು ಕೆಟ್ಟವರೆನ್ನಲಾರೆ. ಯಾವ ಮನೆಯಿಂದ ಹೊರಟರೂ ಅಲ್ಲಿಯ ಮುತ್ತೈದೆಯ ಉಡಿ ತುಂಬದೆ ಹೊಸ್ತಿಲು ದಾಟಿದವರಲ್ಲ. ತೆಂಗಿನಕಾಯಿ, ಅಕ್ಕಿ, ಎಲೆಯಡಿಕೆ, ಮೇಲೊಂದು ಖಣ. ಖಣಗಳನ್ನು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ ಬಗಲಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಬಸ್ ನಿಲ್ದಾಣದಲ್ಲಿ ಅಳುತ್ತ ಕುಳಿತ, ಗುರುತಿಲ್ಲದ ಬಸುರಿಯೊಬ್ಬಳಿಗೂ ಒಂದು ಖಣ ಕೊಟ್ಟು, "ತವರಿನವರು ಕೊಟ್ಟಾರ ಅಂತ ತಿಳಕೊ" ಅಂದಿದ್ದರು.

ಮತ್ತೊಂದು ಸಲ ಮುಂಡರಗಿಯಲ್ಲೇ ಗಂಟು ಬರಿದಾಗಿತ್ತು. ಮುಂದೆ ಹಮ್ಮಿಗಿಯಲ್ಲಿ, ಮಾವನವರ ದಾಯಾದಿಯ ಮನೆಯಲ್ಲಿ, ಹೊಸ ಸೊಸೆಯೊಬ್ಬಳಿದ್ದಳು. ಹೊರಡುವ ಹೊತ್ತು. ನಾನು ತಂಬಿಗೆ ಬೆಳಗಿ ಒಳಗೆ ಬಂದಾಗ ಆ ಹುಡುಗಿ ಮಣೆಯ ಮೇಲೆ ಕುಳಿತಿದ್ದಳು. ಅವಳ ಉಡಿಯಲ್ಲಿ, ತೆಂಗಿನಕಾಯಿಯ ಮೇಲೆ, ನನ್ನ ಕಪ್ಪು ಖಣ. ಗೋಪುರದ ಗೆರೆ ಹೋಗಿತ್ತು, ಮರಳಿರಲಿಲ್ಲ. ನೋಡುವವರಿಗೆ ಅದೂ ಒಂದು ಚಿತ್ತಾರವೇ. ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಜೋಪಾನವಾಗಿ ಟವೆಲ್ಲಿಗೆ ಚುಚ್ಚಿಟ್ಟಿದ್ದರು.

"ಅದು ಮುಗಿದಿಲ್ಲರಿ ಅತ್ತಿ," ಅಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು. "ಅವ್ವಗಂತ ಹಾಕಾಕ್ಹತ್ತಿದ್ದೆ."

ಹುಡುಗಿ ಖಣವನ್ನು ಎತ್ತಿ ನನ್ನತ್ತ ಚಾಚಿದಳು. ಅತ್ತೆಯ ಮುಖ ಸಪ್ಪಗಾಯಿತು. ಆದರೂ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಉಡಿಯಾಗ ಬಿದ್ದದ್ದು ತಿರುಗಿ ತಗೊಳ್ಳಾಕ ಬರೂದಿಲ್ಲ ಯವ್ವಾ. ಆಕಿ ಬಾಳಿಗೆ ಒಳ್ಳೇದಲ್ಲ."

ಬಸ್ಸಿನಲ್ಲಿ ಅಂದು ಅವರು ಚೀಲ ಕೇಳಲಿಲ್ಲ. ಪಾದಗಳು ದಾರಿಯುದ್ದಕ್ಕೂ ತೂಗಿದವು. ಶಿರಹಟ್ಟಿ ದಾಟಿದ ಮೇಲೆ, ಇನ್ನೊಂದು ಹಾಕು, ನಿನ್ನನ್ನು ಕರೆಯುವುದಿಲ್ಲ ಅಂದರು. ಮುಂದಿನ ಪ್ರಯಾಣದವರೆಗೆ ಆ ಮಾತು ಉಳಿಸಿಕೊಂಡರು.

ಇನ್ನೊಂದು ಹಾಕಿದೆ. ಅದರ ಗೋಪುರವೂ ತುದಿ ಮುಟ್ಟಿ ಮರಳಬೇಕೆನ್ನುವಾಗ ತಾಯಿಗೆ ಎರಡೂ ಕಣ್ಣು ಹೋದವು. ಖಣವನ್ನು ಸೂಜಿಯ ಸಮೇತ ಟ್ರಂಕಿನ ತಳಕ್ಕೆ ಹಾಕಿಬಿಟ್ಟೆ.

ಎಂಬತ್ತರ ದಶಕದ ನಡುವೆ ಒಂದು ನಸುಕಿನಲ್ಲಿ ಅತ್ತೆ ತೀರಿಕೊಂಡರು. ಮುತ್ತೈದೆ ಸಾವು. ಉಡಿ ತುಂಬಬೇಕು, ಖಣ ತೆಗೆಯಿರಿ ಎಂದರು ಓಣಿಯ ಹೆಂಗಸರು. ಮಾವನವರು ಕೆಂಪು ಗಂಟನ್ನು ತಾವೇ ತಂದು ಬಿಚ್ಚಿದರು. ಅದರಲ್ಲಿ ಏನೂ ಇರಲಿಲ್ಲ. ಊರ ತುಂಬ ಹಂಚಿದವರು ತಮಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಅಂಗಡಿ ತೆರೆಯುವ ಹೊತ್ತೂ ಆಗಿರಲಿಲ್ಲ. ಮಾವನವರು ಆ ಬರಿ ವಸ್ತ್ರ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತರು.

ಟ್ರಂಕು ತೆರೆದೆ.

"ಇದಿನ್ನಾ ಅರ್ಧಾ ಐತಲ್ಲವಾ," ಅಂದಳು ಪಕ್ಕದ ಮನೆಯಾಕೆ.

ಇರಲಿ ಎಂದು ಅತ್ತೆಯ ಉಡಿಯಲ್ಲಿಟ್ಟೆ. ಸೂಜಿಯನ್ನು ಮಾತ್ರ ಬಿಡಿಸಿಕೊಂಡೆ, ಅದು ತಾಯಿ ಕೊಟ್ಟದ್ದು. ಈಗಲೂ ನನ್ನ ಹತ್ತಿರವಿದೆ. ಕರೆಯುವವರು ಯಾರೂ ಇಲ್ಲ, ಮಧ್ಯಾಹ್ನಗಳೆಲ್ಲ ನನ್ನವೇ. ಆ ಸೂಜಿಗೆ ಮತ್ತೆ ದಾರ ಏರಿಸಿಲ್ಲ.